ಬೈಸ್ಟ್ಯಾಂಡರ್ ಹೊರಗೆ ಹೋದ ಮೇಲೆ

ಕೊಚ್ಚಿಯ ಕಲೂರಿನಲ್ಲಿ, ಸ್ಟೇಡಿಯಂ ಬದಿಯ ಗಲ್ಲಿಯೊಂದರ ಅಪಾರ್ಟ್‌ಮೆಂಟು. ಹಿರಿಯಾಕೆ ಹೊನ್ನಾವರ ಕಡೆಯವರು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಈಗ ಮಗಳ ಮನೆಯಲ್ಲಿದ್ದಾರೆ. ಕಿರಿಯಾಕೆ ಮಂಜೇಶ್ವರದ ಹುಡುಗಿ. ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್, ಕೆಳಗಿನ ಮಹಡಿಯಲ್ಲಿ ಇತರ ನರ್ಸುಗಳ ಜೊತೆ ಬಾಡಿಗೆಗಿದ್ದಾಳೆ. ಮಗಳು, ಅಳಿಯ ಆಫೀಸಿಗೆ ಹೊರಟರೆ ಆ ಕಟ್ಟಡದಲ್ಲಿ ಕನ್ನಡ ಆಡುವವರು ಇವರಿಬ್ಬರೇ. ನೈಟ್ ಡ್ಯೂಟಿ ಮುಗಿಸಿ ನಿದ್ದೆ ಮಾಡಿ ಎದ್ದವಳು ಮಧ್ಯಾಹ್ನದ ಕಾಫಿಗೆ ಮೇಲೆ ಬರುತ್ತಾಳೆ, ಮಾತು ಆಸ್ಪತ್ರೆಯದ್ದೇ. ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಉಳಿಯುವ ಮನೆಯವರಿಗೆ ಬೈಸ್ಟ್ಯಾಂಡರ್ ಅನ್ನುತ್ತಾರೆ. ಓದುಗರಿಗೆ ಇಷ್ಟು ಪೀಠಿಕೆ ಸಾಕು.

ಕಿರಿಯಾಕೆ: ಈಚೆಗೆ ಒಂದು ದಿನ ನನ್ನನ್ನು ಮೇಲಿನ ವಾರ್ಡಿಗೆ ಕರೆಸಿದ್ರು. ಪುತ್ತೂರು ಕಡೆಯ ಅಡಿಕೆ ಕೃಷಿಕರು ಒಬ್ಬರು, ಎಪ್ಪತ್ತು ದಾಟಿದವರು. ಮಗನಿಗೆ ಇಲ್ಲಿ ಇನ್ಫೋಪಾರ್ಕಿನಲ್ಲಿ ಕೆಲಸ, ಹಾಗೆ ಇಲ್ಲಿಗೆ ಕರಕೊಂಡು ಬಂದದ್ದು. ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಡಾಕ್ಟರಿಗೆ ಮಲಯಾಳ, ಇಂಗ್ಲಿಷ್. ನಡುವೆ ಮಾತು ದಾಟಿಸ್ಲಿಕ್ಕೆ ನಾನು.

ಹಿರಿಯಾಕೆ: ಸರಿಯೇ ಆಯ್ತು. ಕೇರಳದಿಂದ ನಮ್ಮ ಕಡೆಗೆ ಬಂದ ಸಿಸ್ಟರುಗಳು "ಎಲ್ಲಿ ನೋವು, ಎಷ್ಟು ದಿನದಿಂದ" ಅನ್ನುವಷ್ಟು ಕನ್ನಡ ಕಲಿತು ಇಡೀ ವಾರ್ಡು ನಡೆಸಿದ್ದನ್ನು ನೋಡಿದ್ದೇನೆ. ಆ ಸಾಲ ನೀನು ತೀರಿಸ್ತಾ ಇದ್ದೀಯ.

ಕಿರಿಯಾಕೆ: ತೀರಿಸ್ಲಿಕ್ಕೆ ಬಿಟ್ಟರಲ್ಲವಾ! ಲಿವರಿನ ಕ್ಯಾನ್ಸರ್. ಹರಡಿಯಾಗಿದೆ. ಇನ್ನು ಆಪರೇಶನ್ ಪ್ರಯೋಜನ ಇಲ್ಲ, ನೋವು ಬಾರದ ಹಾಗೆ ನೋಡಿಕೊಳ್ಳುವ ಅಂತ ಡಾಕ್ಟರು ಮಲಯಾಳದಲ್ಲಿ ಹೇಳಿ, ಇದನ್ನು ಅವರಿಗೆ ಹೇಳು ಅಂತ ನನ್ನ ಕಡೆ ತಿರುಗಿದ್ರು. ಮಗ ಡಾಕ್ಟರ ಬೆನ್ನ ಹಿಂದೆ ನಿಂತು ಕೈ ಅಲ್ಲಾಡಿಸ್ತಾ ಇದ್ದಾನೆ, ಬೇಡ ಬೇಡ ಅಂತ. ಅಪ್ಪ ನನ್ನ ಬಾಯಿಯನ್ನೇ ನೋಡ್ತಾ ಇದ್ದಾರೆ.

ಹಿರಿಯಾಕೆ: ಮತ್ತೆ?

ಕಿರಿಯಾಕೆ: "ಡಾಕ್ಟರು ಇನ್ನೊಮ್ಮೆ ಬಂದು ನಿಧಾನಕ್ಕೆ ಮಾತಾಡ್ತಾರಂತೆ, ಈಗ ನೋವಿಗೆ ಮದ್ದು ಕೊಡ್ತಾರೆ" ಅಂದೆ. ಡಾಕ್ಟರು ನಾನು ಹೇಳಿಯಾಯ್ತು ಅಂದುಕೊಂಡು ಮುಂದಿನ ಬೆಡ್ಡಿಗೆ ಹೋದ್ರು.

ಹಿರಿಯಾಕೆ: ಜಾಣತನದ ಮಾತು. ಅದರಲ್ಲಿ ತಪ್ಪೇನಿದೆ? ಕಾಯಿಲೆಯ ಹೆಸರು ಹೇಳುವುದು ಡಾಕ್ಟರ ಕೆಲಸ. ಹೇಳಿ ಅವರು ಹೋಗ್ತಾರೆ, ಆಮೇಲೆ ರಾತ್ರಿಯಿಡೀ ಆ ಮನುಷ್ಯನ ಹತ್ತಿರ ಇರುವವಳು ನೀನು.

ಕಿರಿಯಾಕೆ: ಅದಕ್ಕೇ ಹೇಳುವುದು ನಾನು. ರಾತ್ರಿಯಿಡೀ ಇರುವವಳು ನಾನಾದರೆ ಸುಳ್ಳು ಹೊತ್ತುಕೊಂಡು ಇರಬೇಕಾದವಳೂ ನಾನೇ ಅಲ್ವಾ? ಎರಡನೇ ದಿನ ಅಲ್ಲೇ ನನಗೆ ನೈಟ್ ಹಾಕಿದ್ರು, ಕನ್ನಡ ಬರ್ತದೆ ಅಂತ. ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ ಮಗ ಚಾಯ ಕುಡೀಲಿಕ್ಕೆ ಕೆಳಗೆ ಹೋದ. ನಾನು ಡ್ರಿಪ್ ಬದಲಿಸ್ತಾ ಇದ್ದೆ. ಇವರು ನನ್ನ ಮಣಿಕಟ್ಟು ಹಿಡಿದು ಕೇಳಿದ್ರು, "ಮಗಳೇ, ನೀನು ನಮ್ಮ ಕಡೆಯವಳು. ನನಗೆ ಎಂತ ಆದದ್ದು? ಇವ ಹೇಳುವುದಿಲ್ಲ."

ಹಿರಿಯಾಕೆ: ಮೂರು ಗಂಟೆಗೇ ಕೇಳುವುದು ಅವರೆಲ್ಲ. ಹಗಲು ಯಾರೂ ಕೇಳುವುದಿಲ್ಲ. ಡಾಕ್ಟರು ಎದುರಿಗಿದ್ದಾಗ "ಆರಾಮ ಇದ್ದೇನೆ" ಅನ್ನುತ್ತಾರೆ.

ಕಿರಿಯಾಕೆ: ಕಾಲೇಜಿನಲ್ಲಿ ನಮಗೆ ನಾಲ್ಕು ತತ್ವ ಬಾಯಿಪಾಠ ಮಾಡಿಸಿದ್ರು. ರೋಗಿಯ ಸ್ವಾಯತ್ತತೆ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ. 1979ರಲ್ಲಿ ಅಮೆರಿಕದ ಬೀಚಮ್, ಚಿಲ್ಡ್ರೆಸ್ ಅನ್ನುವ ಇಬ್ಬರು ಬರೆದ ಪುಸ್ತಕದ್ದು. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೂದು. ಆದರೆ ಮಣಿಕಟ್ಟು ಹಿಡಿದಾಗ ಒಂದನೆಯದ್ದಕ್ಕೂ ಮೂರನೆಯದ್ದಕ್ಕೂ ಜಗಳ. ಯಾವುದು ದೊಡ್ಡದು ಅಂತ ಪುಸ್ತಕದಲ್ಲಿ ಇಲ್ಲ.

ಹಿರಿಯಾಕೆ: ನಮಗೆ ನಾಲ್ಕೂ ಇರಲಿಲ್ಲ, ಒಂದು ಪ್ರತಿಜ್ಞೆ ಇತ್ತು. ದೀಪ ಹಚ್ಚಿ ಸಾಲಾಗಿ ನಿಂತು ಹೇಳಿದ್ದು. ನೈಟಿಂಗೇಲ್ ಪ್ರತಿಜ್ಞೆ.

ಕಿರಿಯಾಕೆ: ಅದನ್ನು ನೈಟಿಂಗೇಲ್ ಬರೆದದ್ದೇ ಅಲ್ಲ ಆಂಟೀ. 1893ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಲಿಸ್ಟ್ರಾ ಗ್ರೆಟರ್ ಅನ್ನುವವರ ಸಮಿತಿ ಬರೆದು ಅವರ ಹೆಸರು ಇಟ್ಟದ್ದು. ಡಾಕ್ಟರಿಗೆ ನಿಷ್ಠೆಯಿಂದ ನೆರವಾಗ್ತೇನೆ ಅನ್ನುವ ಮಾತು ಅದರಲ್ಲಿ ಉಂಟು. ರೋಗಿಗೆ ನಿಜ ಹೇಳ್ತೇನೆ ಅನ್ನುವ ಮಾತು ಇಲ್ಲ.

ಹಿರಿಯಾಕೆ: ರೋಗಿಯ ಮನೆ ಗುಟ್ಟು ಕಾಯುತ್ತೇನೆ ಅನ್ನುವುದೂ ಇದೆ, ಅದನ್ನು ಯಾಕೆ ಬಿಟ್ಟೆ? ನಾನು ಮೂವತ್ತು ವರ್ಷ ನಂಬಿದ್ದು ಆ ಸಾಲನ್ನು. ಈಗ ಕೇಳು. ಮನೆಯವರು "ಹೇಳಬೇಡಿ" ಅಂತ ಕೈ ಮುಗಿದರೆ ಅದು ಬರೀ ಹೆದರಿಕೆ ಅಲ್ಲ. ನಾಳೆ ಅವರನ್ನು ತೊಳೆಸಿ ಬಳಿಸಿ ಮಾಡುವವರು, ಚಿನ್ನ ಅಡ ಇಟ್ಟು ಬಿಲ್ ಕಟ್ಟುವವರು ಅವರೇ. ಸ್ವಾಯತ್ತತೆ ಅಂತೀಯಲ್ಲ, ನಮ್ಮಲ್ಲಿ ಮನುಷ್ಯ ಒಬ್ಬನೇ ಕಾಯಿಲೆ ಬೀಳುವುದಿಲ್ಲ, ಮನೆಯೇ ಬೀಳುತ್ತದೆ. ಒಬ್ಬ ಹುಡುಗ ಡಾಕ್ಟರು ಹೊಸದಾಗಿ ಬಂದಿದ್ದವರು, ಮೀನುಗಾರರೊಬ್ಬರಿಗೆ ಮುಖದ ಮೇಲೆ ಹೇಳಿಬಿಟ್ಟರು. ಆ ಮನುಷ್ಯ ಗೋಡೆ ಕಡೆ ಮಗ್ಗುಲಾದವರು ಮತ್ತೆ ಇತ್ತ ತಿರುಗಲಿಲ್ಲ. ಗಂಜಿ ಸಹ ಬೇಡ ಅಂದರು. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ಬೈದಳು, ಡಾಕ್ಟರನ್ನಲ್ಲ.

ಕಿರಿಯಾಕೆ: ಹೇಳಿದ್ದು ತಪ್ಪಾ, ಹೇಳಿದ ರೀತಿ ತಪ್ಪಾ?

ಹಿರಿಯಾಕೆ: ಸಾಯುವವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ ತಂಗಿ.

ಕಿರಿಯಾಕೆ: ಬದುಕಿರುವಾಗ ಗೊತ್ತಾಗ್ತದೆ. ಇವರ ವಿಷಯವೇ ನೋಡಿ. ತೋಟ ಇನ್ನೂ ಅವರ ಹೆಸರಿನಲ್ಲಿ ಉಂಟು. ಮಗಳನ್ನು ವಿಟ್ಲಕ್ಕೆ ಕೊಟ್ಟಿದ್ದಾರೆ, ಅವಳ ಪಾಲು ಬರೆದುಕೊಡಬೇಕು ಅಂತ ಎರಡು ವರ್ಷದಿಂದ ಹೇಳ್ತಾ ಇದ್ದಾರಂತೆ. ಸೊಸೈಟಿಯ ಸಾಲದ ನವೀಕರಣಕ್ಕೂ ಸಹಿ ಆಗಬೇಕು. "ಗುಣ ಆದ ಮೇಲೆ ಮಾಡುವ" ಅಂತ ಮಗ ಮುಂದೆ ಹಾಕ್ತಾ ಇದ್ದ. ಮಗ ಕೆಟ್ಟವನಲ್ಲ, ಅಳ್ತಾ ಇದ್ದ ಕಾರಿಡಾರಿನಲ್ಲಿ. ಆದರೆ ಅಪ್ಪನಿಗೆ ಹೇಳಿದ್ದರೆ ಮರುದಿನವೇ ಪುತ್ತೂರಿಗೆ ಹೊರಡ್ತಿದ್ರು. ಅವರ ದಿನಗಳನ್ನು ಅವರಿಗೆ ತಿಳಿಸದೆ ನಾವು ಖರ್ಚು ಮಾಡ್ತಾ ಇದ್ದೆವು.

ಹಿರಿಯಾಕೆ: ಆಸ್ತಿ ವಿಷಯಕ್ಕೆ ನರ್ಸ್ ಕೈ ಹಾಕಿದರೆ ಕೋರ್ಟಿಗೆ ಹೋಗುವುದೂ ನರ್ಸೇ.

ಕಿರಿಯಾಕೆ: ಕೋರ್ಟು ರೋಗಿಯ ಕಡೆಗೇ ಉಂಟು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಕೆ ಅರಿವಳಿಕೆಯಲ್ಲಿ ಇದ್ದಾಗ ಅಮ್ಮನ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ರು. ತುರ್ತು ಇಲ್ಲದಿದ್ದರೆ ಅಮ್ಮನ ಒಪ್ಪಿಗೆ ಸಾಲದು, ರೋಗಿಯದ್ದೇ ಬೇಕು ಅಂತ ತೀರ್ಪು ಬಂತು. ಒಪ್ಪಿಗೆ ಕೊಡಬೇಕಾದರೆ ವಿಷಯ ಗೊತ್ತಿರಬೇಕಲ್ಲವಾ?

ಹಿರಿಯಾಕೆ: ತೀರ್ಪು ಡಾಕ್ಟರಿಗೆ. ಮೂರು ಗಂಟೆಗೆ ಕೈ ಹಿಡಿಸಿಕೊಂಡವಳಿಗೆ ಯಾವ ಕೋರ್ಟೂ ಏನೂ ಹೇಳಿಲ್ಲ.

(ಈ ಮಾತು ಕಾನೂನಿನ ಮಟ್ಟಿಗೆ ಪೂರ್ತಿ ಸರಿಯಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2006ರಲ್ಲಿ ತನ್ನದೇ ನೀತಿಸಂಹಿತೆ ತಂದಿದೆ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ಮೊದಲ ಸಂಹಿತೆ ಮಾಡಿದಾಗ ವೈದ್ಯರ ಆದೇಶ ಪಾಲನೆಯನ್ನು ಅದರಲ್ಲೇ ಬರೆದಿತ್ತು. 1973ರಲ್ಲಿ ಅದನ್ನು ತಿದ್ದಿ, ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದವರ ಕಡೆಗೆ ಎಂದಿತು. ಆದರೆ ವಾರ್ಡಿನ ಮಟ್ಟಿಗೆ ಹಿರಿಯಾಕೆಯ ಮಾತನ್ನು ತೆಗೆದುಹಾಕುವುದು ಕಷ್ಟ. ಸಂಹಿತೆಯ ಪ್ರತಿಯನ್ನು ಕೇಸ್‌ಶೀಟಿಗೆ ಪಿನ್ ಮಾಡಿರುವುದಿಲ್ಲ.)

ಹಿರಿಯಾಕೆ: ಕೋರ್ಟು ಅಂದರೆ ನನಗೆ 1973ರದ್ದೇ ನೆನಪು. ನಮ್ಮ ಊರ ಹತ್ತಿರದ ಹುಡುಗಿ. ಹಳದೀಪುರದವಳು.

ಕಿರಿಯಾಕೆ: ಅರುಣಾ ಶಾನಭಾಗ್.

ಹಿರಿಯಾಕೆ: ಮುಂಬೈ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. ನಾಯಿಗಳ ಮೇಲೆ ಪ್ರಯೋಗ ಮಾಡುವ ವಿಭಾಗದಲ್ಲಿ ಡ್ಯೂಟಿ. ನವೆಂಬರ್ 27ರ ಸಂಜೆ ಬಟ್ಟೆ ಬದಲಿಸಲು ಹೋದಾಗ ಅಲ್ಲಿಯ ಕೆಲಸದವನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದ. ಇಪ್ಪತ್ತೈದು ವರ್ಷ ಅವಳಿಗೆ. ಮಿದುಳಿಗೆ ರಕ್ತ ನಿಂತಿತು. ಮತ್ತೆ ಸುಮಾರು 42 ವರ್ಷ ಹಾಸಿಗೆ. ನಮ್ಮ ಕಡೆ ಹೆಣ್ಣುಮಕ್ಕಳು ನರ್ಸಿಂಗ್ ಅಂದರೆ ಆ ಹೆಸರು ಹೇಳಿ ಬೇಡ ಅನ್ನುತ್ತಿದ್ದರು. ನನ್ನ ಅಪ್ಪನೂ ಹೇಳಿದರು. ನಾನು ಕೇಳಲಿಲ್ಲ, ಆ ಮಾತು ಬೇರೆ. ತಂಗಿ, ಅವಳನ್ನು ನೋಡಿಕೊಂಡವರು ಯಾರು? ಮನೆಯವರಿಗೆ ಆಗಲಿಲ್ಲ. ನರ್ಸುಗಳು. 80ರ ದಶಕದಲ್ಲಿ ಮಂಚ ಖಾಲಿ ಮಾಡಿಸಲು ಮುನಿಸಿಪಾಲಿಟಿ ಎರಡು ಸಲ ನೋಡಿತು, ನರ್ಸುಗಳು ಬಿಡಲಿಲ್ಲ. ಅವಳ ಮೇಲೆ ಹಲ್ಲೆ ನಡೆದಾಗ ಹುಟ್ಟಿರದ ಹುಡುಗಿಯರು ಕೆಲಸಕ್ಕೆ ಸೇರಿ ಅವಳಿಗೆ ಉಣ್ಣಿಸಿದರು. ಅಷ್ಟು ವರ್ಷ ಮಲಗಿದವಳ ಮೈಯಲ್ಲಿ ಬೆಡ್‌ಸೋರ್ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅಂದರೇನು ಅಂತ ನಿನಗೆ ಹೇಳಬೇಕಾಗಿಲ್ಲ. ನನ್ನನ್ನು ಕೇಳಿದರೆ ನಿನ್ನ ನಾಲ್ಕು ತತ್ವಕ್ಕಿಂತ ಆ ಬೆನ್ನು ದೊಡ್ಡ ಪುಸ್ತಕ.

ಕಿರಿಯಾಕೆ: ಆ ಬೆನ್ನಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಅದೇ ಪ್ರಕರಣದಲ್ಲಿ ಮೊದಲು ನಡೆದದ್ದು ಎಂತ? ಪೊಲೀಸ್ ಕೇಸಿನಲ್ಲಿ ದರೋಡೆ, ಕೊಲೆ ಯತ್ನ ಅಂತ ಮಾತ್ರ ಬಂತು. ಲೈಂಗಿಕ ದೌರ್ಜನ್ಯದ ಮಾತೇ ಇಲ್ಲ. ಹುಡುಗಿಯ ಮರ್ಯಾದೆ ಹೋಗ್ತದೆ, ಮದುವೆ ಗೊತ್ತಾಗಿದೆ ಅಂತ ಮೇಲಿನವರು ಮುಚ್ಚಿಟ್ಟರು. ಅವಳ ಒಳ್ಳೆಯದಕ್ಕೆ! ಅಪರಾಧಿ ಏಳು ವರ್ಷದ ಶಿಕ್ಷೆಯಲ್ಲಿ ಮುಗಿಸಿದ. ಒಳ್ಳೆಯದಕ್ಕೆ ಅಂತ ಬಚ್ಚಿಟ್ಟ ನಿಜಕ್ಕೆ ಬೆಲೆ ಕೊಟ್ಟವಳು ಮಾತಾಡ್ಲಿಕ್ಕೆ ಆಗದೆ ಮಲಗಿದವಳು.

ಹಿರಿಯಾಕೆ: ಅದು ನರ್ಸುಗಳ ತೀರ್ಮಾನ ಆಗಿರಲಿಲ್ಲ. ಅವರು ಹಲ್ಲೆಯಾದ ಮೇಲೆ ಮುಷ್ಕರ ಮಾಡಿದರು, ಅವಳಿಗೆ ಚಿಕಿತ್ಸೆ ಸರಿಯಾಗಬೇಕು, ತಮಗೆ ರಕ್ಷಣೆ ಬೇಕು ಅಂತ.

ಕಿರಿಯಾಕೆ: ಮುಷ್ಕರ ಸರಿ ಅಂತ ನಿಮ್ಮ ಬಾಯಿಂದ ಬಂತು, ಇದನ್ನು ಬರೆದಿಡಬೇಕು. 2017ರಲ್ಲಿ ಇಲ್ಲಿ ನಮ್ಮವರು ಸಂಬಳಕ್ಕೆ ಮುಷ್ಕರ ಮಾಡಿದಾಗ ರೋಗಿಗಳನ್ನು ಬಿಟ್ಟು ಹೋದವರು ಅಂತ ಬೈದಿದ್ರಿ.

ಹಿರಿಯಾಕೆ: ಈಗಲೂ ಬೈಯುತ್ತೇನೆ. ಐಸಿಯು ಬಿಟ್ಟು ಬಂದರೆ ಬೈಯುತ್ತೇನೆ.

ಕಿರಿಯಾಕೆ: ಆ ಜುಲೈಯಲ್ಲಿ ತಿರುವನಂತಪುರದಲ್ಲಿ ಮುಖ್ಯಮಂತ್ರಿ ಕೂತು ಕನಿಷ್ಠ 20,000 ರೂಪಾಯಿ ಅಂತ ಒಪ್ಪಿದ್ರು. ನಾವು ಬೀದಿಗೆ ಬಾರದಿದ್ದರೆ ಒಪ್ತಿದ್ರಾ? ಮರುವರ್ಷ ನಿಪಾ ಬಂತು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ಲಿನಿ, ಎರಡು ಸಣ್ಣ ಮಕ್ಕಳ ತಾಯಿ, ರೋಗಿಯಿಂದ ಸೋಂಕು ತಗಲಿ 2018ರ ಮೇ 21ಕ್ಕೆ ತೀರಿಕೊಂಡ್ರು. ಆಗ ನಾವೆಲ್ಲ ದೇವತೆಯರು. ಹಿಂದಿನ ವರ್ಷ ಬಾಡಿಗೆ ಕಟ್ಟಲು ದುಡ್ಡು ಕೇಳಿದಾಗ ರಾಕ್ಷಸಿಯರು. ಹೋಗಲಿ ಬಿಡಿ. ಅರುಣಾ ವಿಷಯಕ್ಕೆ ಬನ್ನಿ. ಅವಳಿಗೆ ಎಂತ ಬೇಕಿತ್ತು ಅಂತ ಯಾರು ಹೇಳಬೇಕಿತ್ತು?

ಹಿರಿಯಾಕೆ: ಸುಪ್ರೀಂ ಕೋರ್ಟೇ ಹೇಳಿತಲ್ಲ. 2011ರ ಮಾರ್ಚ್ 7. ಪತ್ರಕರ್ತೆ ಪಿಂಕಿ ವಿರಾನಿ ಅವಳ ಬಗ್ಗೆ ಪುಸ್ತಕ ಬರೆದವರು, ದಯಾಮರಣ ಕೊಡಿ ಅಂತ ಕೇಳಿದ್ದರು. ಕೋರ್ಟು ಒಪ್ಪಲಿಲ್ಲ. ಅವಳ ಪರವಾಗಿ ಮಾತಾಡುವ ಹಕ್ಕು ಪುಸ್ತಕ ಬರೆದವರಿಗಲ್ಲ, ದಿನಾ ನೋಡಿಕೊಂಡ ಕೆಇಎಂ ಸಿಬ್ಬಂದಿಗೆ ಅಂದಿತು. ಮೀನು, ಸೂಪು ಅಂದರೆ ಅವಳಿಗೆ ಇಷ್ಟ ಅಂತ ಹೇಳಬಲ್ಲವರು ಅವರೇ ಆಗಿದ್ದರು. ಮಾತು ಹೋದವರ ಮಾತನ್ನು ಮೈ ಹೇಳುತ್ತದೆ. ಅದನ್ನು ಓದಲು ಬರುವುದು ನಮಗೆ.

ಕಿರಿಯಾಕೆ: ಅಥವಾ ನಮಗೆ ಬೇಕಾದದ್ದನ್ನು ನಾವು ಅಲ್ಲಿ ಓದ್ತೇವೆ. ತೀರ್ಪು ಬಂದಾಗ ನರ್ಸುಗಳು ಸಿಹಿ ಹಂಚಿದ್ರು. ಅದನ್ನು ಓದಿ ನನಗೆ ಕಣ್ಣೀರು ಬಂತು, ಹೆದರಿಕೆಯೂ ಆಯ್ತು. ಇಷ್ಟು ಪ್ರೀತಿ ಮಾಡುವವರ ಕೈಯಲ್ಲಿ ಇರುವವಳು ಸಾಕು ಅಂತ ಹೇಳುವುದು ಹೇಗೆ? ಹೇಳಿದರೂ ಕೇಳುವವರು ಯಾರು? ಅವಳು ನಮ್ಮವಳು ಅಂದ್ರು ಅವರು. ಪುತ್ತೂರಿನ ಮಗನೂ ಅದನ್ನೇ ಹೇಳುವುದು, ನನ್ನ ಅಪ್ಪ ಅಂತ.

ಹಿರಿಯಾಕೆ: ಪಿಂಕಿ ವಿರಾನಿಯವರಿಗೆ ಮಾತ್ರ ಗೊತ್ತಿತ್ತೇ ಹಾಗಾದರೆ, ಅವಳಿಗೆ ಸಾಕಾಗಿದೆ ಅಂತ?

ಕಿರಿಯಾಕೆ: ಇಲ್ಲ. ಅವರಿಗೂ ಗೊತ್ತಿರಲಿಲ್ಲ.

ಹಿರಿಯಾಕೆ: ಯಾರಿಗೂ ಗೊತ್ತಿಲ್ಲದಾಗ ಅನ್ನ ಕೊಡುವವಳ ಮಾತು ನಡೆಯಲಿ ಅನ್ನುವುದು ನನ್ನ ಲೆಕ್ಕ. ತಪ್ಪಾದರೂ ಒಂದು ತುತ್ತು ಹೆಚ್ಚಾದೀತು.

ಕಿರಿಯಾಕೆ: 2010ರಲ್ಲಿ ಮಲೇರಿಯಾ ಬಂದ ಮೇಲೆ ಬಾಯಿಂದ ತಿನ್ನುವುದು ಕಡಿಮೆಯಾಗಿ ಮೂಗಿಗೆ ಟ್ಯೂಬ್ ಹಾಕಿದ್ರು. ಆಮೇಲೂ ತುತ್ತಾ ಅದು?

(ಹಿರಿಯಾಕೆ ಇದಕ್ಕೆ ಉತ್ತರ ಕೊಡದೆ ಕಾಫಿಗೆ ಹಾಲು ಬಿಸಿ ಮಾಡಲು ಎದ್ದರು. ವಾದ ಮಾಡುವವರು ಎದ್ದು ಅಡುಗೆಮನೆಗೆ ಹೋದರೆ ಸೋತರು ಎಂದು ತಿಳಿಯಬಾರದು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರಿಗೆ ದಯಾಮರಣ ನಿರಾಕರಿಸಿದ ತೀರ್ಪೇ ಈ ದೇಶದಲ್ಲಿ ಜೀವಾಧಾರ ಚಿಕಿತ್ಸೆ ನಿಲ್ಲಿಸುವುದಕ್ಕೆ ಮೊದಲ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಘನತೆಯ ಮರಣದ ಹಕ್ಕು ಎಂದು ಗಟ್ಟಿ ಮಾಡಿತು, 2023ರ ಜನವರಿಯಲ್ಲಿ ವಿಧಾನ ಸರಳವಾಯಿತು. 2025ರ ಜನವರಿ ಕೊನೆಗೆ ಕರ್ನಾಟಕ ಸರ್ಕಾರ ಇದನ್ನು ಜಾರಿ ಮಾಡುವ ಆದೇಶ ಹೊರಡಿಸಿತು.)

ಕಿರಿಯಾಕೆ: ಜೀವಾಧಾರ ಚಿಕಿತ್ಸೆ ನಿಲ್ಲಿಸುವ ವಿಧಾನ ನೀವು ಓದಿದ್ದೀರಾ? ಮೊದಲ ಮಂಡಳಿಯಲ್ಲಿ ಚಿಕಿತ್ಸೆ ಕೊಡುವ ಡಾಕ್ಟರು, ಇನ್ನಿಬ್ಬರು ತಜ್ಞರು. ಎರಡನೇ ಮಂಡಳಿಯಲ್ಲಿ ಮತ್ತೆ ಡಾಕ್ಟರುಗಳು. ಮೈ ಓದಲು ಬರುವವರು ನಾವು ಅಂದ್ರಿ. ಎರಡರಲ್ಲೂ ನಮಗೆ ಒಂದು ಕುರ್ಚಿ ಇಲ್ಲ.

ಹಿರಿಯಾಕೆ: ಕುರ್ಚಿ ಯಾವಾಗ ಇತ್ತು? ರೌಂಡ್ಸಿನಲ್ಲಿ ಡಾಕ್ಟರ ಹಿಂದೆ ಫೈಲು ಹಿಡಿದು ನಿಂತೇ ನನ್ನ ಕಾಲಿಗೆ ವೆರಿಕೋಸ್ ಬಂದದ್ದು. ಅದಿರಲಿ, ನೀನು ಪುತ್ತೂರಿನವರ ಕತೆ ಮುಗಿಸಲಿಲ್ಲ. ಮಣಿಕಟ್ಟು ಹಿಡಿದವರಿಗೆ ಏನು ಹೇಳಿದೆ?

ಕಿರಿಯಾಕೆ: ನಾನು ಹೇಳಲಿಲ್ಲ. ಕೇಳಿದೆ. ತಿರುವನಂತಪುರದಲ್ಲಿ ಪಾಲಿಯಂ ಇಂಡಿಯಾ ಅಂತ ಉಂಟಲ್ಲ, ಡಾಕ್ಟರ್ ರಾಜಗೋಪಾಲ್ ಅವರು 2003ರಲ್ಲಿ ಶುರು ಮಾಡಿದ್ದು, ಅಲ್ಲಿ ತರಬೇತಿಗೆ ಹೋಗಿದ್ದೆ. ನಿಜವನ್ನು ಬಾಯಿಗೆ ತುರುಕಬಾರದು, ಅವರಿಗೆ ಎಷ್ಟು ಗೊತ್ತುಂಟು, ಎಷ್ಟು ಬೇಕು ಅಂತ ಮೊದಲು ಕೇಳಬೇಕು ಅಂತ ಅಲ್ಲಿ ಕಲಿಸ್ತಾರೆ. ಹಾಗೆ, "ನಿಮಗೆ ಎಂತ ಅನಿಸ್ತದೆ?" ಅಂದೆ. ಅವರು, "ಈ ಸಲದ ಅಡಿಕೆ ಕೊಯ್ಲಿಗೆ ನಾನು ಇರ್ತೇನಾ, ಅಷ್ಟು ಹೇಳು. ಬೇರೆ ಎಲ್ಲ ಬೇಡ" ಅಂದ್ರು.

ಹಿರಿಯಾಕೆ: ಅಯ್ಯೋ ದೇವರೇ. ಗೊತ್ತಿತ್ತು ಅವರಿಗೆ.

ಕಿರಿಯಾಕೆ: ಗೊತ್ತಿತ್ತು. ಮಗನಿಗೆ ನೋವಾಗ್ತದೆ ಅಂತ ಅವರು ಸುಮ್ಮನಿದ್ದದ್ದು. ಅಪ್ಪನಿಗೆ ನೋವಾಗ್ತದೆ ಅಂತ ಮಗ. ನಡುವೆ ನಾನು, ಎರಡೂ ಕಡೆಯ ಸುಳ್ಳಿಗೆ ದುಭಾಷಿ.

ಹಿರಿಯಾಕೆ: ಹಾಗಾದರೆ ನಾನು ಹೇಳಿದ್ದೇ ಸರಿಯಾಯ್ತಲ್ಲ. ಮನೆಯವರೊಳಗೆ ಮಾತಿಲ್ಲದೆಯೂ ಗೊತ್ತಾಗುತ್ತದೆ. ನೀನು ನಡುವೆ ಹೋಗಿ ಬಾಯಿ ಬಿಡಬೇಕಾಗಿಲ್ಲ.

ಕಿರಿಯಾಕೆ: ಗೊತ್ತಿದ್ದೂ ಒಬ್ಬರೇ ಗೋಡೆ ನೋಡಿಕೊಂಡು ಮಲಗಿದ್ರು ಆಂಟೀ. ನಿಮ್ಮ ಮೀನುಗಾರರು ಹೇಳಿದ್ದರಿಂದ ಗೋಡೆ ಕಡೆ ತಿರುಗಿದ್ರು, ಇವರು ಹೇಳದ್ದರಿಂದ.

ಹಿರಿಯಾಕೆ: ಆಮೇಲೆ?

ಕಿರಿಯಾಕೆ: "ಕೊಯ್ಲಿನ ವಿಷಯ ನಾಳೆ ಡಾಕ್ಟರನ್ನೇ ಕೇಳುವ, ನಾನು ಜೊತೆಗೆ ಇರ್ತೇನೆ" ಅಂದೆ. ನರ್ಸಸ್ ನೋಟ್ಸಿನಲ್ಲಿ ಬರೆದೆ: 3.10ಕ್ಕೆ ರೋಗಿ ಎಚ್ಚರ, ತನ್ನ ಕಾಯಿಲೆಯ ಬಗ್ಗೆ ತಾನೇ ಕೇಳಿದ್ದಾರೆ, ವೈದ್ಯರ ಜೊತೆ ಮಾತಾಡಬೇಕು ಅಂದಿದ್ದಾರೆ. ಬೆಳಿಗ್ಗೆ ಹ್ಯಾಂಡೋವರಿನಲ್ಲಿ ಇನ್‌ಚಾರ್ಜ್ ಓದಿ, ಬೈಸ್ಟ್ಯಾಂಡರ್ ಕಂಪ್ಲೇಂಟ್ ಕೊಟ್ಟರೆ ನನ್ನನ್ನು ಹೇಳಬೇಡ ಅಂದ್ರು. ಡಾಕ್ಟರು ಓದಿದ್ರು. ಮಗನನ್ನು ಹೊರಗೆ ಕರೆದು ಅರ್ಧ ಗಂಟೆ ಕೂತ್ರು. ಆಮೇಲೆ ನನ್ನನ್ನು ಕರೆದ್ರು.

ಹಿರಿಯಾಕೆ: ಬರೆದದ್ದು ಒಳ್ಳೆಯದು. ನಾನಾಗಿದ್ದರೆ ಬರೆಯುತ್ತಿರಲಿಲ್ಲ, ಮಗನ ಹತ್ತಿರವೇ ಹೋಗಿ ಹೇಳುತ್ತಿದ್ದೆ. "ಅಪ್ಪನಿಗೆ ಗೊತ್ತಾಗಿದೆ ಮಾರಾಯ, ಹೋಗಿ ಪಕ್ಕದಲ್ಲಿ ಕೂತುಕೋ" ಅಂತ. ಕಾಗದಕ್ಕೆ ಹೋದ ಮೇಲೆ ಅದು ಕೇಸು, ಮನೆಯಲ್ಲ.

ಕಿರಿಯಾಕೆ: ಮಗನಿಗೆ ಹೇಳುವುದೂ ಅವರ ಗುಟ್ಟು ಬಿಟ್ಟುಕೊಟ್ಟ ಹಾಗೆ ಅಲ್ವಾ? ನಿಮ್ಮ ಪ್ರತಿಜ್ಞೆಯಲ್ಲಿ ಇರುವುದು ಅದೇ ಸಾಲು.

ಹಿರಿಯಾಕೆ: ಹ್ಞಾಂ, ಹಿಡಿದೆ. ಈಗ ಎಲ್ಲಿದ್ದಾರೆ?

ಕಿರಿಯಾಕೆ: ನಿನ್ನೆ ಊರಿಗೆ ಹೋದ್ರು. ಇಲ್ಲಿಯಾದರೆ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೇ ಬರ್ತಾರೆ, 2008ರಲ್ಲಿಯೇ ಸರ್ಕಾರ ನೀತಿ ಮಾಡಿದೆ. ಗಡಿ ದಾಟಿದರೆ ಆ ವ್ಯವಸ್ಥೆ ಇಷ್ಟು ದಟ್ಟ ಇಲ್ಲ. ಮಾರ್ಫಿನ್ ಮಾತ್ರೆ ಎಲ್ಲಿ ಸಿಗ್ತದೆ ಅಂತ ಮಗನಿಗೆ ಮಂಗಳೂರಿನದ್ದು ಬರೆದುಕೊಟ್ಟೆ. ಅಪ್ಪನಿಗೆ ನಿಜ ಹೇಳುವ ವಿಷಯದಲ್ಲಿ ನಾವಿಬ್ಬರು ಇಷ್ಟು ಹೊತ್ತು ಜಗಳ ಮಾಡಿದೆವು. ಮದ್ದು ಸಿಗದಿದ್ದರೆ ಹೇಳಿದರೂ ಒಂದೇ, ಹೇಳದಿದ್ದರೂ ಒಂದೇ.

ಹಿರಿಯಾಕೆ: ಒಂದು ಕೇಳಬೇಕು ನಿನ್ನ ಹತ್ತಿರ. ಆ ಜೀವಂತ ಉಯಿಲು ಅಂತಾರಲ್ಲ, ಅದನ್ನು ಹೇಗೆ ಬರೆಯುವುದು?

ಕಿರಿಯಾಕೆ: ಯಾರಿಗೆ?

ಹಿರಿಯಾಕೆ: ನನಗೆ. ಟ್ಯೂಬ್ ಬೇಡ. ಬಾಯಿಂದ ನುಂಗುವ ತನಕ ಕೈಯಿಂದ ಕೊಡಲಿ, ನುಂಗದಿದ್ದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಲಿ. ಅಷ್ಟೇ.

ಕಿರಿಯಾಕೆ: ಇಷ್ಟು ಹೊತ್ತು ಅನ್ನ ಕೊಡುವವರ ಮಾತು ನಡೆಯಲಿ ಅಂದ್ರಿ!

ಹಿರಿಯಾಕೆ: ಅದು ಅವಳ ವಿಷಯ. ಇದು ನನ್ನದು. ನನಗೆ ಇನ್ನೂ ಬಾಯಿ ಇದೆ.

ಕಿರಿಯಾಕೆ: ಇಬ್ಬರು ಸಾಕ್ಷಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನಿಮಗೆ ಮಾತು ಹೋದ ಮೇಲೆ ನಿಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರನ್ನೂ ಬರೆಯಬೇಕು. ನಿಮ್ಮ ಮಗಳು, ಅಕ್ಕನ ಹೆಸರು ಬರೆಯುವುದಲ್ವಾ?

ಹಿರಿಯಾಕೆ: ಅವಳ ಹೆಸರು ಬರೆ. ಆದರೆ ಅವಳಿಗೆ ಈಗಲೇ ಹೇಳಬೇಡ. ಸುಮ್ಮನೆ ಹೆದರುತ್ತಾಳೆ.

ಕಿರಿಯಾಕೆ: ಆಂಟೀ!

ಹಿರಿಯಾಕೆ: ಏನೇ?

ಕಿರಿಯಾಕೆ: ಹೆಸರು ಬರೆದವರಿಗೆ ಹೇಳದೆ ಆಗುವುದಿಲ್ಲ. ಮತ್ತೆ, ಅಕ್ಕ ಬಂದು ನನ್ನನ್ನು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.

ಹಿರಿಯಾಕೆ: ಹಾಗಾದರೆ ನಿನ್ನ ಹೆಸರೇ ಬರೆಯುತ್ತೇನೆ. ಒಪ್ಪಿಗೆಯೇ?

ಕಿರಿಯಾಕೆ: ನಾನಾ? ನನಗೆ ಎರಡು ದಿನ ಕೊಡಿ. ಇವತ್ತೂ ನಾಳೆಯೂ ನೈಟ್ ಉಂಟು.